ಏರಿ ಗಟ್ಟಿಯಿದ್ದರೂ ಅಪಾಯದ ವರ್ಗ ಮೇಲೇರುವುದು ಯಾಕೆ?

ಸಣ್ಣ ಅಣೆಕಟ್ಟುಗಳ ಪಾಠದಲ್ಲಿ ಬಹಳ ಜನ ಎಡವುವ ಜಾಗ ಇದು. 'ಹೆಚ್ಚು ಅಪಾಯದ ವರ್ಗ' ಅಂದ ತಕ್ಷಣ ಕಟ್ಟೆ ಬಿರುಕು ಬಿಟ್ಟಿದೆ, ಇನ್ನೇನು ಒಡೆಯುತ್ತದೆ ಅಂದುಕೊಳ್ಳುತ್ತಾರೆ. ಹಾಗಲ್ಲ. ಅಕಸ್ಮಾತ್ ಒಡೆದರೆ ಕೆಳಗೆ ಯಾರಿದ್ದಾರೆ, ಏನಿದೆ ಅನ್ನುವುದನ್ನು ನೋಡಿ ಈ ವರ್ಗ ಕೊಡುತ್ತಾರೆ. ಕಟ್ಟೆ ಎಷ್ಟು ಗಟ್ಟಿ ಅನ್ನುವುದು ಬೇರೆ ಲೆಕ್ಕ.

ಹೊಸನಗರದ ಕಡೆ ಎರಡು ಗುಡ್ಡದ ನಡುವೆ, ಹಳ್ಳಕ್ಕೆ ಅಡ್ಡವಾಗಿ 9 ಮೀಟರ್ ಎತ್ತರದ ಮಣ್ಣಿನ ಏರಿ ಇದೆ ಅಂತಿಟ್ಟುಕೊಳ್ಳಿ. ಮಳೆಗಾಲದ ನೆರೆಯನ್ನು ತಡೆದು, ತೂಬಿನಲ್ಲಿ ನಿಧಾನಕ್ಕೆ ಬಿಡುವುದು ಅದರ ಕೆಲಸ. ತೂಬಿಗೆ ಮೀರಿದ್ದು ಕೋಡಿಯಲ್ಲಿ ಹೋಗಬೇಕು. ನೀರಾವರಿ ಕೆರೆ ತುಂಬಿದರೆ ನಾವು ಬಾಗಿನ ಕೊಡುತ್ತೇವೆ, ಅಲ್ವಾ? ನೆರೆ ತಡೆಯುವ ಕಟ್ಟೆ ಮಾತ್ರ ಮಳೆಗೆ ಮುಂಚೆ ಖಾಲಿ ಇದ್ದಷ್ಟೂ ಒಳ್ಳೆಯದು.

ಕಟ್ಟುವಾಗ ಕೆಳಗೆ ಬರೀ ಗದ್ದೆ ಇತ್ತು. ಅಮೆರಿಕದ ಪದ್ಧತಿಯಲ್ಲಿ ಇದು 'ಕಡಿಮೆ' ವರ್ಗ. ಜೀವಕ್ಕೆ ತೊಂದರೆ ಇಲ್ಲದೆ ರಸ್ತೆ, ಆಸ್ತಿ ದೊಡ್ಡದಾಗಿ ಹಾಳಾಗುವಂತಿದ್ದರೆ ಮಧ್ಯದ್ದು. ಜೀವ ಹೋಗುವ ಸಂಭವ ಇದ್ದರೆ 'ಹೆಚ್ಚು'. ಆಮೇಲೆ ಹಳ್ಳದ ದಂಡೆಗೆ ನಾಲ್ಕು ಮನೆ, ಒಂದು ಹೋಂಸ್ಟೇ ಬಂದವು. ಏರಿಯ ಒಂದು ಬುಟ್ಟಿ ಮಣ್ಣೂ ಅಲುಗಿಲ್ಲ, ವರ್ಗ ಮಾತ್ರ ಸೀದಾ ಮೇಲಕ್ಕೆ! ಅಮೆರಿಕದಲ್ಲಿ 1954ರ ಕಾಯ್ದೆಯಡಿ ಹಳ್ಳಿಗಾಡಿನಲ್ಲಿ ಕಟ್ಟಿದ ನೆರೆ ತಡೆಯುವ ಕಟ್ಟೆಗಳಲ್ಲಿ ಹಲವಕ್ಕೆ ಹೀಗೇ ಆಯಿತು. ವರ್ಗ ಏರಿದರೆ ಇನ್ನೂ ದೊಡ್ಡ ನೆರೆಯನ್ನು ಲೆಕ್ಕಕ್ಕೆ ಹಿಡಿಯಬೇಕು, ಕೋಡಿ ಅಗಲ ಮಾಡಬೇಕು ಇಲ್ಲವೇ ಏರಿ ಎತ್ತರಿಸಬೇಕು. ಮಣ್ಣಿನ ಏರಿಯ ನೆತ್ತಿ ಮೇಲೆ ನೀರು ಹರಿದರೆ ಅದು ಕೊಚ್ಚಿಕೊಂಡೇ ಹೋಗಬಹುದು.

ನಮ್ಮ 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಮೊದಲು ನೋಡುವುದು ಎತ್ತರ. 15 ಮೀಟರ್ ಮೀರಿದರೆ ಸೀದಾ ಕಾಯ್ದೆಯೊಳಗೆ. 10ರಿಂದ 15 ಮೀಟರ್ ಇದ್ದರೆ ಇನ್ನೊಂದು ಷರತ್ತಾದರೂ ಸೇರಬೇಕು. ಉದಾಹರಣೆಗೆ, ಏರಿ 500 ಮೀಟರ್ ಉದ್ದ ಇರಬೇಕು, ಇಲ್ಲವೇ 10 ಲಕ್ಷ ಘನ ಮೀಟರ್ ನೀರು ಹಿಡಿಯಬೇಕು. ಎತ್ತರ ಅಳೆಯುವುದು ನೆಲದಿಂದಲ್ಲ, ಪಾಯದ ತಳದಿಂದ. ಕಣ್ಣಿಗೆ 9 ಮೀಟರ್ ಕಂಡದ್ದು 10 ದಾಟಿರಬಹುದು. ಪರೀಕ್ಷೆಯಲ್ಲಿ ಕೇಳಲು ಹೇಳಿ ಮಾಡಿಸಿದ ಪ್ರಶ್ನೆ ಇದು. ದಾಟದಿದ್ದರೆ ಕಾಯ್ದೆಯಿಂದ ಹೊರಗೆ, ಕೆಳಗೆ ಮನೆಗಳಿದ್ದರೂ ಅಷ್ಟೇ. ಇದು ಸರಿಯಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ದೊಡ್ಡ ಜಲಾಶಯ ಅಲ್ಲದಿದ್ದರೂ ಅನಾಹುತ ಸಣ್ಣದಾಗುವುದಿಲ್ಲ. ಇದೇ ಪಶ್ಚಿಮ ಘಟ್ಟದ ಸಾಲಿನ ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯಲ್ಲಿ, 2019ರ ಜುಲೈ ಮಳೆಗೆ ತಿವರೆ ಅಣೆಕಟ್ಟು ಒಡೆದು ಇಪ್ಪತ್ತರಷ್ಟು ಜನ ಸತ್ತರು.

ಮಳೆಗಾಲದ ಮುಂಚೆ ಮತ್ತು ನಂತರ ತಪಾಸಣೆ ಮಾಡುವುದು ಕಾಯ್ದೆಯ ನಿಯಮ. ಏರಿಯ ಹಿಂಬದಿಯ, ಅಂದರೆ ನೀರು ನಿಲ್ಲದ ಕಡೆಯ, ಬುಡಕ್ಕೆ ಹೋಗಿ ನೋಡಿ. ಒಣ ಹುಲ್ಲಿನ ನಡುವೆ ಒಂದೇ ಕಡೆ ಹಸಿರಾಗಿದ್ದರೆ ಅಲ್ಲಿ ನೀರು ಜಿನುಗುತ್ತಿದೆ ಅಂತಲೇ ಲೆಕ್ಕ. ಏಡಿ ಬಿಲ, ಹುತ್ತ, ಬೇರು ಬಿಟ್ಟ ಮರ ಇವನ್ನೂ ಬಿಡಬೇಡಿ. ಜಿನುಗುವ ನೀರನ್ನು ಗಾಜಿನ ಲೋಟದಲ್ಲಿ ಹಿಡಿಯಿರಿ. ತಿಳಿಯಾಗಿದ್ದರೆ ಗುರುತು ಹಾಕಿಟ್ಟು ಜಾಸ್ತಿಯಾಗುತ್ತಿದೆಯಾ ನೋಡುತ್ತಿರಬೇಕು. ಕೆಂಪಗೆ ಕದಡಿದ್ದರೆ ಏರಿಯನ್ನು ನೀರು ಒಳಗಿಂದಲೇ ಕೊರೆಯುತ್ತಿದೆ. ವರದಿ ಬರೆಯುವುದು ಆಮೇಲೆ, ಮೊದಲು ಕೆಳಗಿನ ಮನೆಯವರಿಗೂ ಇಂಜಿನಿಯರಿಗೂ ಫೋನ್ ಮಾಡಿ.