ಮೂವತ್ತೆರಡರ ಕೈಬಂದೂಕು ಕೊಳ್ಳುವ ಮುನ್ನ

ಮೆಣಸಿನಕಾಯಿ ಹಂಗಾಮು ಶುರುವಾಗುವ ಹೊತ್ತಿಗೆ ಬ್ಯಾಡಗಿಯ ವರ್ತಕರೊಬ್ಬರು ಹುಬ್ಬಳ್ಳಿಯ ನಮ್ಮ ಮನೆಗೆ ಬಂದಿದ್ದರು. ಲೈಸೆನ್ಸ್ ಕೈಗೆ ಬಂದು ಎಂಟು ದಿನವಾಗಿತ್ತು. ಮೊಬೈಲ್‌ನಲ್ಲಿ ಆಸ್ಟ್ರಿಯಾದ ಗ್ಲಾಕ್ ಪಿಸ್ತೂಲಿನ ಚಿತ್ರ ತೋರಿಸಿ, "ಸಾಹೇಬ್ರ, ಇಂಥಾದ್ದೊಂದು ಕೊಡಸ್ರಿ, ಎರಡು ಲಕ್ಷದ ಮಟಾ ಅಡ್ಡಿಯಿಲ್ಲ" ಎಂದರು. ಪೊಲೀಸ್ ಶಸ್ತ್ರಾಗಾರದಲ್ಲಿ ಆರ್ಮರರ್, ಅಂದರೆ ಬಂದೂಕು ದುರಸ್ತಿಗಾರ, ಆಗಿ ದುಡಿದು ನಿವೃತ್ತನಾದ ನನ್ನ ಬಳಿ ಇಂಥ ಮಾತು ಹೊತ್ತು ಬರುವವರು ಇವರೊಬ್ಬರೇ ಅಲ್ಲ. ಆ ಪಿಸ್ತೂಲು 9 ಮಿ.ಮೀ. ಬೋರಿನದು (ಬೋರು ಎಂದರೆ ನಳಿಗೆಯ ಒಳ ಅಗಲ), ಅದು ನಿಷೇಧಿತ ಬೋರು, ನಿಮ್ಮ ಲೈಸೆನ್ಸಿಗೆ ಅದು ದಕ್ಕುವುದಿಲ್ಲ ಎಂದು ತಿಳಿಸಿ ಹೇಳುವುದರಲ್ಲಿಯೇ ಮೊದಲ ಅರ್ಧ ಗಂಟೆ ಕಳೆದುಹೋಗುತ್ತದೆ.

ನಮ್ಮ ದೇಶದಲ್ಲಿ ಕೈಬಂದೂಕಿನ ಆಯ್ಕೆ ಬೋರಿನಿಂದಲೇ ಆರಂಭವಾಗಬೇಕು. ಕಂಪನಿಯ ಹೆಸರು ಆಮೇಲಿನ ಮಾತು. 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು 2016ರ ನಿಯಮಗಳ ಅಡಿಯಲ್ಲಿ ಸಾಮಾನ್ಯ ನಾಗರಿಕನಿಗೆ ಉಳಿಯುವುದು ಮುಖ್ಯವಾಗಿ .32 (ಇಂಚಿನಲ್ಲಿ ಬೋರಿನ ಅಳತೆ) ರಿವಾಲ್ವರ್, .32 ಪಿಸ್ತೂಲು ಮತ್ತು .22 ಬೋರಿನ ಕೆಲವು ಮಾದರಿಗಳು. .22ರ ಕಾಡತೂಸಿನಲ್ಲಿ ಸಿಡಿಮದ್ದು ಅಂಚಿನಲ್ಲಿರುವುದರಿಂದ ಅದು ಸಿಡಿಯದೆ ಹುಸಿಹೋಗುವ ಸಂಭವ ಹೆಚ್ಚು. ಗುರಿ ಅಭ್ಯಾಸಕ್ಕೆ ಒಳ್ಳೆಯದು, ಆತ್ಮರಕ್ಷಣೆಗೆಂದು ಕೇಳುವವರಿಗೆ ನಾನು ಹೇಳುವುದಿಲ್ಲ. ಹೀಗಾಗಿ ಮಾತು .32ಕ್ಕೆ ಬಂದು ನಿಲ್ಲುತ್ತದೆ.

ಹಾಗೆ ನಿಂತ ಮೇಲೂ ಒಂದು ತೊಡಕಿದೆ. "ಮೂವತ್ತೆರಡು ಅಂದ್ರ ಎಲ್ಲಾ ಒಂದ ಅಲ್ಲೇನ್ರಿ?" ಎಂದು ಬ್ಯಾಡಗಿಯವರು ಕೇಳಿದರು. ಅಲ್ಲ. ರಿವಾಲ್ವರಿಗೆ ಬಳಸುವುದು .32 ಎಸ್ ಅಂಡ್ ಡಬ್ಲ್ಯೂ ಲಾಂಗ್ ಎಂಬ, ತಳದಲ್ಲಿ ಅಗಲವಾದ ಅಂಚಿರುವ ಕಾಡತೂಸು, ಪಿಸ್ತೂಲಿಗೆ ಬಳಸುವುದು .32 ಎಸಿಪಿ ಎಂಬ, ಅದಕ್ಕಿಂತ ಗಿಡ್ಡನೆಯ ಕಾಡತೂಸು. ಎರಡೂ ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಹುಟ್ಟಿದವು, ಎರಡರ ಗುಂಡಿನ ಅಗಲವೂ ಬಹುತೇಕ ಒಂದೇ, ಆದರೆ ಒಳಗಿನ ಒತ್ತಡ ಬೇರೆ. ಎಸಿಪಿ ಕಾಡತೂಸಿಗೂ ಸಣ್ಣದೊಂದು ಅಂಚು ಇರುವುದರಿಂದ ಅದು ಕೆಲವು ರಿವಾಲ್ವರುಗಳ ಸಿಲಿಂಡರಿನಲ್ಲಿ, ಅಂದರೆ ಕಾಡತೂಸು ತುಂಬುವ ತಿರುಗುವ ಉರುಳೆಯಲ್ಲಿ, ಕೂತುಬಿಡುತ್ತದೆ. ಕೂತಿತೆಂದು ಹಾರಿಸಿದರೆ, ಕಡಿಮೆ ಒತ್ತಡಕ್ಕೆಂದು ಮಾಡಿದ ಉಕ್ಕಿನ ಮೇಲೆ ಹೆಚ್ಚಿನ ಒತ್ತಡ ಬೀಳುತ್ತದೆ. ಕಾಡತೂಸು ಕೊಳ್ಳುವಾಗ ಬರೀ "ಮೂವತ್ತೆರಡು ಕೊಡ್ರಿ" ಎನ್ನದೆ ರಿವಾಲ್ವರಿನದೋ ಪಿಸ್ತೂಲಿನದೋ ಎಂದು ಬಿಡಿಸಿ ಹೇಳಿ, ಪೆಟ್ಟಿಗೆಯ ಮೇಲಿನ ಬರಹವನ್ನು ಸ್ವತಃ ಓದಿಕೊಳ್ಳಬೇಕು.

ಇವೆರಡರಲ್ಲಿ ಯಾವುದು? ನನ್ನ ಅಭಿಪ್ರಾಯ ಹಳೆಯ ಕಾಲದ್ದೆಂದು ಮಕ್ಕಳು ನಗಬಹುದು, ಆದರೂ ಹೇಳುತ್ತೇನೆ: ವರ್ಷಕ್ಕೆ ಇಪ್ಪತ್ತು ಕಾಡತೂಸನ್ನೂ ಹಾರಿಸದವರಿಗೆ ರಿವಾಲ್ವರೇ ಸರಿ. ಪಿಸ್ತೂಲು ಚಪ್ಪಟೆಯಾಗಿ ಸೊಂಟಕ್ಕೆ ಹೊಂದಿಕೊಳ್ಳುತ್ತದೆ, ಅದರಲ್ಲಿ ಗುಂಡುಗಳೂ ಹೆಚ್ಚು, ತುಂಬುವುದೂ ಬೇಗ. ಆದರೆ ಅದು ತನ್ನ ಕೆಲಸಕ್ಕೆ ತಾನು ಹಾರಿಸಿದ ಕಾಡತೂಸಿನ ಒದೆತವನ್ನೇ ನೆಚ್ಚಿಕೊಂಡಿರುತ್ತದೆ. ಕಾಡತೂಸು ಸ್ವಲ್ಪ ದುರ್ಬಲವಾಗಿದ್ದರೆ, ಕಾಡತೂಸು ತುಂಬುವ ಡಬ್ಬಿಯಾದ ಮ್ಯಾಗಝಿನ್ನಿನ ತುಟಿ ಒಂದು ಕೂದಲೆಳೆಯಷ್ಟು ಬಾಗಿದ್ದರೆ, ಹಿಡಿದ ಮಣಿಕಟ್ಟು ಸಡಿಲವಿದ್ದರೆ, ಸ್ಲೈಡು, ಅಂದರೆ ಮೇಲಿನ ಜಾರುವ ಭಾಗ, ಪೂರ್ತಿ ಹಿಂದೆ ಬರದೆ ಖಾಲಿ ಕೊಳವೆ ಅಲ್ಲಿಯೇ ಸಿಕ್ಕಿಕೊಳ್ಳುತ್ತದೆ. ಅದನ್ನು ಬಿಡಿಸುವುದು ಕಷ್ಟದ ವಿದ್ಯೆಯೇನಲ್ಲ, ಆದರೆ ನೂರಾರು ಸಲ ಮಾಡಿದ ಕೈಗೆ ಮಾತ್ರ ಅದು ಹೆದರಿಕೆಯ ಹೊತ್ತಿನಲ್ಲಿ ನೆನಪಾಗುತ್ತದೆ. ರಿವಾಲ್ವರಿನಲ್ಲಿ ಒಂದು ಕಾಡತೂಸು ಹುಸಿಹೋದರೆ ಇನ್ನೊಮ್ಮೆ ಟ್ರಿಗರ್ ಎಳೆದರಾಯಿತು, ಸಿಲಿಂಡರ್ ತಿರುಗಿ ಮುಂದಿನದು ಬರುತ್ತದೆ. ಅಭ್ಯಾಸದ ಜಾಗದಲ್ಲಿ ಮಾತ್ರ ಹಾಗೆ ಅವಸರ ಮಾಡಬಾರದು. ಹುಸಿಹೋಯಿತೆಂದುಕೊಂಡದ್ದು ತಡವಾಗಿ ಸಿಡಿಯಬಹುದಾದ್ದರಿಂದ ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷ ಕಾಯಬೇಕು.

ಹೊಸ ರಿವಾಲ್ವರುಗಳಲ್ಲಿ ನಮ್ಮ ಭಾಗದ ಜನರ ಕೈಗೆ ಹೆಚ್ಚಾಗಿ ಬರುವುದು ಕಾನ್ಪುರದ ಸರ್ಕಾರಿ ಕಾರ್ಖಾನೆಗಳದು. ಸರ್ಕಾರದ ಹಳೆಯ ಆರ್ಡ್‌ನನ್ಸ್ (ಯುದ್ಧ ಸಾಮಗ್ರಿ) ಕಾರ್ಖಾನೆಗಳನ್ನು 2021ರ ಅಕ್ಟೋಬರ್‌ನಲ್ಲಿ ಏಳು ಕಂಪನಿಗಳಾಗಿ ವಿಂಗಡಿಸಿದ ಮೇಲೆ ಅಲ್ಲಿಯ ಕೈಬಂದೂಕುಗಳು ಎಡಬ್ಲ್ಯೂಇಐಎಲ್ (ಅಡ್ವಾನ್ಸ್ಡ್ ವೆಪನ್ಸ್ ಅಂಡ್ ಇಕ್ವಿಪ್‌ಮೆಂಟ್ ಇಂಡಿಯಾ ಲಿಮಿಟೆಡ್) ಎಂಬ ಕಂಪನಿಯ ಹೆಸರಿನಲ್ಲಿ ಬರುತ್ತವೆ. ಅವುಗಳಲ್ಲಿ ಮಾರ್ಕ್ ತ್ರೀ ಎಂದು ಕರೆಯುವ ಆರು ಗುಂಡಿನ ರಿವಾಲ್ವರ್, ಬ್ರಿಟಿಷರ ಕಾಲದ ವೆಬ್ಲಿ ರಿವಾಲ್ವರಿನಂತೆ ನಡುವೆ ಮುರಿದು ತೆರೆಯುವಂಥದ್ದು. 2014ರಲ್ಲಿ ಮಹಿಳೆಯರನ್ನು ಗಮನದಲ್ಲಿಟ್ಟು ತಂದ ನಿರ್ಭೀಕ್ ಅದೇ ಬಗೆಯದು. ಟೈಟೇನಿಯಂ ಮಿಶ್ರಲೋಹದ್ದಾದ್ದರಿಂದ ತೂಕ ಸುಮಾರು 500 ಗ್ರಾಂ, ಬಿಡುಗಡೆಯಾದಾಗ ಅದರ ಬೆಲೆ ಸುಮಾರು 1,22,000 ರೂಪಾಯಿ ಇತ್ತು. 2023ರ ಆಗಸ್ಟ್‌ನಲ್ಲಿ ಬಂದ ಪ್ರಬಲ್ ಎಂಬುದರಲ್ಲಿ ಸಿಲಿಂಡರ್ ಪಕ್ಕಕ್ಕೆ ಹೊರಳುತ್ತದೆ. ತೂಕ ಸುಮಾರು 675 ಗ್ರಾಂ, ನಳಿಗೆ 76 ಮಿ.ಮೀ. ಉತ್ತರ ಪ್ರದೇಶದ ಹರ್ದೋಯಿ ಜಿಲ್ಲೆಯ ಸಂಡೀಲಾದಲ್ಲಿ ವೆಬ್ಲಿ ಅಂಡ್ ಸ್ಕಾಟ್ ಹೆಸರಿನ .32 ರಿವಾಲ್ವರುಗಳೂ ತಯಾರಾಗುತ್ತಿವೆ. ಪಿಸ್ತೂಲಿನಲ್ಲಿ ಸರ್ಕಾರಿ ಕಾರ್ಖಾನೆಯ ಅಶನಿ ಬಹಳ ದಿನಗಳಿಂದ ಪರಿಚಿತವಾದದ್ದು.

ಪಕ್ಕಕ್ಕೆ ಹೊರಳುವ ಸಿಲಿಂಡರಿಗೆ ನನ್ನ ಒಲವಿದೆ. ನಡುವೆ ಮುರಿಯುವ ಬಂದೂಕಿನಲ್ಲಿ ನಳಿಗೆ ಮತ್ತು ಹಿಡಿಕೆಗಳನ್ನು ಒಂದಾಗಿಸುವುದು ಒಂದು ತಿರುಗಣಿ ಮತ್ತು ಒಂದು ಕೊಂಡಿ; ವರ್ಷಗಳು ಕಳೆದಂತೆ ಆ ಎರಡೂ ಸಡಿಲಾಗುತ್ತವೆ. ಹಾಗೆಂದು ಮಾರ್ಕ್ ತ್ರೀ ಕೆಟ್ಟದ್ದಲ್ಲ. .32 ಲಾಂಗ್ ಮೆದು ಕಾಡತೂಸಾದ್ದರಿಂದ, ನಾಗರಿಕರೊಬ್ಬರು ಜೀವಮಾನದಲ್ಲಿ ಹಾರಿಸುವಷ್ಟಕ್ಕೆ ಅದು ಸವೆಯುವುದಿಲ್ಲ. ಅದರ ಕುಂದು ಬೇರೆಯದು, ಟ್ರಿಗರಿನ ಬಿಗಿ. ಕುದುರೆಯನ್ನು (ಕಾಡತೂಸಿಗೆ ಏಟು ಕೊಡುವ ಹಿಂಬದಿಯ ಸುತ್ತಿಗೆಯನ್ನು) ಮೊದಲೇ ಎತ್ತದೆ ಟ್ರಿಗರನ್ನು ನೇರವಾಗಿ ಎಳೆಯುವಾಗ ಹಲವು ಹೊಸ ರಿವಾಲ್ವರುಗಳಲ್ಲಿ ಎಳೆತ ಎಷ್ಟು ಭಾರವಾಗಿರುತ್ತದೆಂದರೆ, ಅರವತ್ತು ದಾಟಿದ ಅಥವಾ ಸಂಧಿವಾತವಿರುವ ಬೆರಳು ಎರಡನೆಯ ಸಲಕ್ಕೇ ನಡುಗತೊಡಗುತ್ತದೆ. ಧಾರವಾಡದ ನಿವೃತ್ತ ಅಧ್ಯಾಪಕಿಯೊಬ್ಬರು ಹಗುರವೆಂದು ಆರಿಸಿದ್ದ ರಿವಾಲ್ವರನ್ನು ಅಂಗಡಿಯಲ್ಲಿ ಮೂರು ಸಲವೂ ಪೂರ್ತಿ ಎಳೆಯಲಾಗದೆ ಕೆಳಗಿಟ್ಟರು. ತೂಕ ನೋಡಿದ್ದರು, ಎಳೆತ ನೋಡಿರಲಿಲ್ಲ.

ಆದ್ದರಿಂದ ಅಂಗಡಿಯ ಕೌಂಟರಿನಲ್ಲಿ ಸಂಕೋಚಪಡಬಾರದು. ಮೊದಲು ಬಂದೂಕು ಖಾಲಿಯಿದೆಯೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಂಡು, ನಳಿಗೆಯನ್ನು ಯಾರೂ ಇಲ್ಲದ ಗೋಡೆಯ ಕಡೆಗೆ ತಿರುಗಿಸಿ, ಅಂಗಡಿಯವರ ಒಪ್ಪಿಗೆ ಪಡೆದು ಡಮ್ಮಿ ಕಾಡತೂಸಿನ ಮೇಲೆ ಆರು ಸಲ ಎಳೆಯಿರಿ. ಪ್ರತಿ ಸಲವೂ ಕುದುರೆ ಬೀಳುವ ಮುನ್ನವೇ ಸಿಲಿಂಡರ್ ತನ್ನ ಜಾಗದಲ್ಲಿ ಕಚ್ಚಿ ನಿಲ್ಲಬೇಕು. ಒಂದೇ ಒಂದು ಕೋಣೆಯಲ್ಲಿ ಹಿಂದುಳಿದರೂ ಆ ರಿವಾಲ್ವರ್ ಬೇಡ. ಟ್ರಿಗರನ್ನು ಪೂರ್ತಿ ಎಳೆದು ಹಿಡಿದುಕೊಂಡೇ ಸಿಲಿಂಡರನ್ನು ಅಲುಗಾಡಿಸಿ ನೋಡಿರಿ, ಕೂದಲೆಳೆಯಷ್ಟು ಆಡಬಹುದು, ಗಡಗಡ ಎನ್ನಬಾರದು. ಸಿಲಿಂಡರಿಗೂ ನಳಿಗೆಗೂ ನಡುವಿನ ಸಂದಿಯನ್ನು ಮೋಟಾರ್ ಮೆಕ್ಯಾನಿಕ್‌ಗಳು ಬಳಸುವ ಫೀಲರ್ ಗೇಜಿನಿಂದಲೇ ಅಳೆಯಬಹುದು; 0.10ರಿಂದ 0.25 ಮಿ.ಮೀ. ಒಳಗಿದ್ದರೆ ಸರಿ, ಆರೂ ಕೋಣೆಗಳಲ್ಲಿ ಒಂದೇ ಸಮನಾಗಿದ್ದರೆ ಇನ್ನೂ ಸರಿ. ಹಿಂಬದಿಯಲ್ಲಿ ಬಿಳಿ ಕಾಗದ ಹಿಡಿದು ನಳಿಗೆಯ ಒಳಗೆ ನೋಡಿದರೆ, ಗುಂಡನ್ನು ತಿರುಗಿಸಲೆಂದು ಕೊರೆದ ಗೀರುಗಳು ಸ್ವಚ್ಛವಾಗಿ ಸುತ್ತಿಕೊಂಡು ಹೋಗಿರುವುದು ಕಾಣಬೇಕು. ಹೊಸದೆಂದು ಕೊಡುವ ಬಂದೂಕು ವರ್ಷಗಟ್ಟಲೆ ಗೋದಾಮಿನಲ್ಲಿ ಗ್ರೀಸಿನಲ್ಲಿ ಮುಳುಗಿ ಕೂತದ್ದಿರಬಹುದು. ಗ್ರೀಸ್ ಒರೆಸಿದ ಮೇಲೆ ಕಾಣುವ ತುಕ್ಕಿನ ಚುಕ್ಕೆಯನ್ನು ಕೌಂಟರಿನಲ್ಲಿಯೇ ತೋರಿಸಬೇಕೇ ಹೊರತು ಮನೆಗೆ ಬಂದ ಮೇಲೆ ಅಲ್ಲ. ಪಿಸ್ತೂಲಾದರೆ ಎರಡು ಮ್ಯಾಗಝಿನ್ ಕೇಳಿರಿ, ಎರಡನ್ನೂ ಹಾಕಿ ತೆಗೆದು ನೋಡಿರಿ.

ಬಂದೂಕಿನ ಮೇಲಿನ ಅಂಕಿಗೂ ಬಿಲ್ಲಿನ ಮೇಲಿನ ಅಂಕಿಗೂ ಲೈಸೆನ್ಸಿನಲ್ಲಿ ಬರೆಸುವ ಅಂಕಿಗೂ ಒಂದಕ್ಷರದ ವ್ಯತ್ಯಾಸವೂ ಇರಕೂಡದು. ಅಂಗಡಿಯ ಗುಮಾಸ್ತರೊಬ್ಬರು 8 ಬರೆಯುವಲ್ಲಿ 3 ಬರೆದದ್ದಕ್ಕೆ ಗದಗಿನ ಸರಾಫರೊಬ್ಬರು ನವೀಕರಣದ ಸಮಯದಲ್ಲಿ ನಾಲ್ಕು ತಿಂಗಳು ಕಚೇರಿಗೆ ಓಡಾಡಿದ್ದನ್ನು ಕಂಡಿದ್ದೇನೆ.

ಇನ್ನು ದುಡ್ಡಿನ ಮಾತು. ಅಂಗಡಿಯವರು ಮೊದಲು ಹೇಳುವ ಬೆಲೆ ಬಹಳ ಸಲ ತೆರಿಗೆ ಸೇರಿಸದ್ದು. ರಿವಾಲ್ವರ್, ಪಿಸ್ತೂಲುಗಳ ಮೇಲಿನ ಜಿಎಸ್‌ಟಿ ಮೊದಲು ಶೇ. 28 ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ ಶೇ. 40ಕ್ಕೆ ಏರಿದೆ, ಲಕ್ಷ ರೂಪಾಯಿಯದೆಂದು ಹೋದವರು 1,40,000 ಎಣಿಸಬೇಕು. ಹೀಗಾದಾಗ ಹಳೆಯ ವಿದೇಶಿ ಬಂದೂಕಿನ ಕಡೆಗೆ ಮನಸ್ಸು ಹರಿಯುವುದು ಸಹಜ. ಖಾಸಗಿಯವರು ಹೊರದೇಶದಿಂದ ತರಿಸುವುದಕ್ಕೆ 1980ರ ದಶಕದಿಂದಲೇ ಕಡಿವಾಣ ಬಿದ್ದಿರುವುದರಿಂದ, ಅಜ್ಜನ ಕಾಲದ ಸ್ಮಿತ್ ಅಂಡ್ ವೆಸನ್ ಅಥವಾ ಇಂಗ್ಲೆಂಡಿನ ವೆಬ್ಲಿಗೆ ಇಲ್ಲಿ ಅದರ ಯೋಗ್ಯತೆಗೆ ಮೀರಿದ ಬೆಲೆಯಿದೆ. ಅವು ಚೆಂದದ ಬಂದೂಕುಗಳು, ನನಗೂ ಇಷ್ಟ. ಆದರೆ ಅವುಗಳ ಸ್ಪ್ರಿಂಗ್ ಮುರಿದರೆ ಹೊಸದು ಸಿಗುವುದಿಲ್ಲ, ಕೈಯಿಂದ ಮಾಡಿಸಬೇಕು, ಮಾಡುವ ಕೈಗಳೂ ಈಗ ಕಡಿಮೆ. ಮೊದಲ ಬಾರಿಗೆ ಕೊಳ್ಳುವವರು ಹೊಸ ದೇಶೀ ರಿವಾಲ್ವರ್ ಕೊಂಡು, ಉಳಿದ ಹಣದಲ್ಲಿ ಗೋಡೆಗೆ ಬೋಲ್ಟ್ ಹಾಕಿ ಕೂರಿಸುವ ಉಕ್ಕಿನ ಪೆಟ್ಟಿಗೆ, ಶುಚಿ ಮಾಡುವ ಸಾಮಾನು ಮತ್ತು ಅಭ್ಯಾಸದ ಕಾಡತೂಸು ಕೊಳ್ಳುವುದು ಲೇಸು. ಲೈಸೆನ್ಸಿನಲ್ಲಿ ಒಂದು ಸಲಕ್ಕೆ ಇಷ್ಟು, ವರ್ಷಕ್ಕೆ ಇಷ್ಟು ಎಂದು ನಮೂದಾಗಿರುವ ಕಾಡತೂಸುಗಳಲ್ಲಿ ಒಂದು ಪಾಲನ್ನು ಪರವಾನಗಿಯಿರುವ ರೈಫಲ್ ಕ್ಲಬ್ಬಿನಲ್ಲಿ ಹಾರಿಸದೆ ಬಂದೂಕು ನಂಬಿಕೆಯದ್ದೋ ಅಲ್ಲವೋ ಎಂದು ಯಾರೂ ಹೇಳಲಾರರು. ಲೈಸೆನ್ಸಿಗೆ ಬೇಕಾದ ತರಬೇತಿ ಪ್ರಮಾಣಪತ್ರವನ್ನು ಕಾಗದವೆಂದಷ್ಟೇ ಭಾವಿಸಿದವರೇ ಹೆಚ್ಚು.

ಇಷ್ಟೆಲ್ಲ ಹೇಳಿದ ಮೇಲೂ ಕೆಲವರಿಗೆ ಕೈಬಂದೂಕು ಬೇಡವೆಂದೇ ಹೇಳಿ ಕಳಿಸುತ್ತೇನೆ. ಹಾನಗಲ್ಲ ಕಡೆಯ ರೈತರೊಬ್ಬರು ಗೋವಿನಜೋಳಕ್ಕೆ ಬೀಳುವ ಹಂದಿ ಓಡಿಸಲು ರಿವಾಲ್ವರ್ ಕೇಳಿದರು. ಬೆಳೆ ರಕ್ಷಣೆಗೆಂದು ಕಾಯ್ದೆ ಹೇಳುವುದೇ ಬೇರೆ ಜಾತಿಯ ಉದ್ದ ನಳಿಗೆಯ ಬಂದೂಕನ್ನು, ಗಿಡ್ಡ ನಳಿಗೆಯ .32ರಿಂದ ಕತ್ತಲಲ್ಲಿ ಹಾರಿಸಿದ ಗುಂಡು ಪಕ್ಕದ ಹೊಲದ ಗುಡಿಸಲಿಗೆ ಹೋಗುತ್ತದೆ. ಮದುವೆ ಮೆರವಣಿಗೆಯಲ್ಲಿ ಗಾಳಿಯಲ್ಲಿ ಹಾರಿಸುವ ಆಸೆಯುಳ್ಳವರಿಗೆ 2019ರ ತಿದ್ದುಪಡಿ ಎರಡು ವರ್ಷದವರೆಗಿನ ಸೆರೆ ಅಥವಾ ಒಂದು ಲಕ್ಷದವರೆಗಿನ ದಂಡ ಇಲ್ಲವೇ ಎರಡನ್ನೂ ಇಟ್ಟಿದೆ. ಅದೇ ತಿದ್ದುಪಡಿಯಿಂದ ಒಬ್ಬರಿಗೆ ಎರಡಕ್ಕಿಂತ ಹೆಚ್ಚು ಬಂದೂಕು ಸಲ್ಲದು, ಲೈಸೆನ್ಸಿನ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿದೆ. ಹುಬ್ಬಳ್ಳಿ-ಧಾರವಾಡ ನಗರದವರು ಪೊಲೀಸ್ ಆಯುಕ್ತರ ಕಡೆಗೆ, ಗದಗ, ಹಾವೇರಿಯವರು ಜಿಲ್ಲಾ ದಂಡಾಧಿಕಾರಿಗಳ ಕಡೆಗೆ ಹೋಗಬೇಕು. ವ್ಯಾಪಾರಕ್ಕೆಂದು ಗೋವಾ, ಮಹಾರಾಷ್ಟ್ರಕ್ಕೆ ಓಡಾಡುವವರು ಲೈಸೆನ್ಸ್ ಯಾವ ವ್ಯಾಪ್ತಿಗೆ ಸಿಂಧುವೆಂದು ನೋಡಿಕೊಳ್ಳದೆ ಬಂದೂಕನ್ನು ಕಾರಿನಲ್ಲಿಡಬಾರದು.

ಕೊಂಡ ಮೇಲೆ ನಂಬಿಕೆ ಕೆಡುವುದು ಹೆಚ್ಚಾಗಿ ಮನೆಯಲ್ಲಿಯೇ. ಅಳ್ನಾವರ, ಕಲಘಟಗಿ ಕಡೆಯ ಮಳೆಗಾಲದ ತೇವದಲ್ಲಿ ಚರ್ಮದ ಚೀಲದೊಳಗೆ ಇಟ್ಟ ಉಕ್ಕು ವಾರದಲ್ಲಿ ಕೆಂಪಾಗುತ್ತದೆ. ಚೀಲ ಒಯ್ಯುವುದಕ್ಕೆ, ಇಡುವುದಕ್ಕಲ್ಲ. ಕೊಬ್ಬರಿ ಎಣ್ಣೆ ಹಾಕುವವರಿದ್ದಾರೆ, ಅದು ಚಳಿಗಾಲದಲ್ಲಿ ಗಟ್ಟಿಯಾಗಿ ಕುದುರೆಯ ವೇಗ ತಗ್ಗಿಸುತ್ತದೆ, ಕಾಡತೂಸು ಹುಸಿಹೋದರೆ ಕಾರ್ಖಾನೆಯನ್ನು ಬೈಯುತ್ತಾರೆ. ಬಂದೂಕಿನ ಎಣ್ಣೆಯನ್ನೇ ಎರಡು ಹನಿ ಹಾಕಿ ಒರೆಸಿದರೆ ಸಾಕು, ಹೆಚ್ಚಾದರೆ ಅದು ಕಾಡತೂಸಿನ ಸಿಡಿಮದ್ದಿಗೂ ಇಳಿಯಬಹುದು.

ಬ್ಯಾಡಗಿಯವರು ಕೊನೆಗೆ ಹೊಸ .32 ರಿವಾಲ್ವರನ್ನೇ ಕೊಂಡರು, ಅಂಗಡಿಯಲ್ಲಿ ಮೂರನ್ನು ಎಳೆದು ನೋಡಿ ಎರಡನೆಯದನ್ನು ಆರಿಸಿದರು. ಖಂಡೇನವಮಿ ಆದ ಮೇಲೆ ಅವರು ಮತ್ತೆ ಬಂದಾಗ ರಿವಾಲ್ವರಿನ ಕುದುರೆಯ ಸಂದಿಯಲ್ಲಿ, ಸಿಲಿಂಡರಿನ ಹಲ್ಲುಗಳಲ್ಲಿ ಕುಂಕುಮ, ಭಂಡಾರ ಎಣ್ಣೆಯೊಡನೆ ಕಲೆತು ಕೆಸರಿನಂತೆ ಕೂತಿತ್ತು. ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ತೆಗೆಯಲು ನನಗೆ ಒಂದು ತಾಸು ಹಿಡಿಯಿತು. ಬರುವ ವರ್ಷ ಪೂಜೆಯನ್ನು ಪೆಟ್ಟಿಗೆಯ ಮುಚ್ಚಳಕ್ಕೆ ಮಾಡಿರೆಂದು ಹೇಳಿದ್ದೇನೆ, ಮನೆಯ ಹಿರಿಯರು ಒಪ್ಪಿದ್ದಾರಂತೆ.