ಟ್ಯೂನ್ ಚೆನ್ನಾಗಿದೆ, ಕಾಗದ ಎಲ್ಲಿ?

ನನ್ನ ಸ್ಟುಡಿಯೋ ಹುಬ್ಬಳ್ಳಿಯ ಕೊಪ್ಪಿಕರ್ ರಸ್ತೆಯಿಂದ ಎರಡು ಓಣಿ ಒಳಗಿದೆ. ಮದುವೆ, ಕುಬಸ, ಅರವತ್ತರ ಶಾಂತಿ, ನಿವೃತ್ತಿ, ಶಾಲೆಯ ಗ್ಯಾದರಿಂಗ್, ಏನೇ ಇದ್ದರೂ ಈಗ ಒಂದು ಸ್ಲೈಡ್‌ಶೋ ಬೇಕೇ ಬೇಕು. ಹಳೇ ಆಲ್ಬಮ್ ಸ್ಕ್ಯಾನ್ ಮಾಡಬೇಕು, ಫೋಟೋ ಜೋಡಿಸಬೇಕು, ಹಿಂದೆ ಸಂಗೀತ ಹಾಕಬೇಕು. ಮೊದಲೆರಡು ಕೆಲಸ ಎರಡು ದಿನ ಹಿಡಿಯುತ್ತವೆ. ಮೂರನೆಯದಕ್ಕೆ ಹತ್ತು ನಿಮಿಷ ಸಾಕು ಅಂತ ತುಂಬಾ ವರ್ಷ ಅಂದುಕೊಂಡಿದ್ದೆ.

ಒಂದು ಫೋನ್ ಬಂದು ಆ ಭ್ರಮೆ ಇಳಿಸಿತು. ಧಾರವಾಡದ ಸಪ್ತಾಪುರದ ಮಾಸ್ತರರೊಬ್ಬರ ನಿವೃತ್ತಿಗೆ ಏಳು ನಿಮಿಷದ ಸ್ಲೈಡ್‌ಶೋ ಮಾಡಿಕೊಟ್ಟಿದ್ದೆ. ಸಂಗೀತ ಕದ್ದದ್ದಲ್ಲ. ತಿಂಗಳ ಚಂದಾ ಕಟ್ಟಿ, ರಾಯಲ್ಟಿ ಫ್ರೀ ಸಂಗೀತ ಕೊಡುವ ಒಂದು ವಿದೇಶಿ ಸೈಟಿನಿಂದ ಇಳಿಸಿಕೊಂಡದ್ದು. ಎಲ್ಲರೂ ಖುಷಿಪಟ್ಟರು, ಮಾಸ್ತರರು ಕಣ್ಣೊರೆಸಿಕೊಂಡರು, ನನ್ನ ದುಡ್ಡೂ ಬಂತು. ಒಂದು ವರ್ಷವಾದ ಮೇಲೆ ಪುಣೆಯಲ್ಲಿರುವ ಅವರ ಮಗಳು ಅದನ್ನು ಯೂಟ್ಯೂಬಿಗೆ ಹಾಕಿದರು. ಮರುದಿನ ಬೆಳಿಗ್ಗೆಯೇ ಫೋನ್.

"ಅಣ್ಣಾರ, ನಿಮ್ಮ ವಿಡಿಯೋದಾಗಿನ ಮ್ಯೂಸಿಕ್ ಬ್ಯಾರೇದವರದು ಅಂತ ಬರಾಕತ್ತೈತ್ರಿ. ರೊಕ್ಕಾ ಕೊಟ್ಟು ತಗೊಂಡೇನಿ ಅಂದಿದ್ರಲ್ಲ ನೀವು?"

ಕೊಟ್ಟಿದ್ದು ನಿಜ. ಆದರೆ ಆ ಚಂದಾ ಎಂಟು ತಿಂಗಳ ಹಿಂದೆಯೇ ನಿಂತುಹೋಗಿತ್ತು, ಅದು ನನಗೇ ಗೊತ್ತಿರಲಿಲ್ಲ. 2021ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕಿನ ನಿಯಮ ಬಿಗಿಯಾಗಿದೆ. ಕಾರ್ಡಿನಿಂದ ತಿಂಗಳು ತಿಂಗಳು ತಾನಾಗಿ ಹಣ ಹೋಗಬೇಕಾದರೆ ಮೊದಲೊಮ್ಮೆ ಒಟಿಪಿ ಕೊಟ್ಟು ನೋಂದಾಯಿಸಿರಬೇಕು. ಆ ವ್ಯವಸ್ಥೆಗೆ ಸೇರದ ಸೈಟಿಗೆ ಹಣ ಹೋಗುವುದಿಲ್ಲ. ಚಂದಾ ನಿಂತಿದೆ ಅಂತ ಬಂದ ಇಮೇಲನ್ನು ಮದುವೆ ಸೀಸನ್ ಗಡಿಬಿಡಿಯಲ್ಲಿ ನಾನು ತೆರೆದೂ ಇರಲಿಲ್ಲ.

ಅವತ್ತು ರಾತ್ರಿ ಕೂತು ಆ ಸೈಟಿನ ಷರತ್ತನ್ನು ಮೊದಲ ಸಲ ಪೂರ್ತಿ ಓದಿದೆ. ಒಂದು ಸಾಲು ಕಣ್ಣಿಗೆ ಬಿತ್ತು. ಚಂದಾ ಚಾಲ್ತಿಯಲ್ಲಿದ್ದಾಗ ಪ್ರಕಟಿಸಿದ ವಿಡಿಯೋಗೆ ಮಾತ್ರ ರಕ್ಷಣೆ. ಪ್ರಕಟಿಸಿದ ಅಂತಿದೆ, ತಯಾರಿಸಿದ ಅಂತಿಲ್ಲ. ನಾನು ತಯಾರಿಸಿದ್ದು ಚಂದಾ ಇದ್ದಾಗ. ಮಗಳು ಪ್ರಕಟಿಸಿದ್ದು ಚಂದಾ ಹೋದ ಮೇಲೆ. ಹೋಗಲಿ, ಚಂದಾ ಇದ್ದಿದ್ದರೂ ಪೂರ್ತಿ ಬಚಾವಾಗುತ್ತಿರಲಿಲ್ಲ. ನಾನು ತಗೊಂಡದ್ದು ಎಲ್ಲಕ್ಕಿಂತ ಅಗ್ಗದ ಪ್ಲಾನು. ಅದರಲ್ಲಿ ನನ್ನ ಸ್ವಂತ ಚಾನೆಲ್ಲಿಗೆ ಮಾತ್ರ ಅನುಮತಿ, ಗಿರಾಕಿಗೆ ಮಾಡಿಕೊಡುವ ಕೆಲಸಕ್ಕೆ ಬೇರೆ ಪ್ಲಾನು.

ರಾಯಲ್ಟಿ ಫ್ರೀ ಅಂದ ಕೂಡಲೇ ನಮ್ಮ ಜನಕ್ಕೆ ಫ್ರೀ ಅನ್ನುವುದಷ್ಟೇ ಕೇಳಿಸುತ್ತದೆ. ಅಲ್ಲಿ ಪುಕ್ಕಟೆ ಅನ್ನುವ ಮಾತೇ ಇಲ್ಲ. ಒಮ್ಮೆ ದುಡ್ಡು ಕೊಟ್ಟರೆ, ಹಾಕಿದಾಗಲೆಲ್ಲ ಮತ್ತೆ ಮತ್ತೆ ರಾಯಲ್ಟಿ, ಅಂದರೆ ಬಳಸಿದ್ದಕ್ಕೆ ಒಡೆಯರಿಗೆ ಕೊಡುವ ಹಣ, ಕಟ್ಟಬೇಕಿಲ್ಲ ಅಂತ ಅರ್ಥ. ಸಂಗೀತದ ಒಡೆತನ ಮಾಡಿದವರ ಹತ್ತಿರವೇ ಇರುತ್ತದೆ. ನಮಗೆ ಸಿಗುವುದು ಬಳಸುವ ಪರವಾನಗಿ. ಬಾಡಿಗೆ ಮನೆಯ ಕರಾರುಪತ್ರ ಇದ್ದ ಹಾಗೆ. ಯಾರು ಇರಬಹುದು, ಎಷ್ಟು ದಿನ, ಅಂಗಡಿ ಇಡಬಹುದೋ ಇಲ್ಲವೋ, ಎಲ್ಲ ಆ ಕಾಗದದಲ್ಲೇ ಇರುತ್ತದೆ. ಅದಕ್ಕೇ ಈಗ ನಾನು ಟ್ಯೂನ್ ಕೇಳುವ ಮೊದಲೇ ಲೈಸೆನ್ಸ್ ಪುಟ ತೆರೆಯುತ್ತೇನೆ.

ನಮ್ಮಂಥ ಸ್ಟುಡಿಯೋದ ಕಷ್ಟ ಬೇರೆ. ಯೂಟ್ಯೂಬರ್ ತಾನೇ ವಿಡಿಯೋ ಮಾಡಿ ತಾನೇ ಹಾಕುತ್ತಾನೆ. ನಾವು ಪೆನ್‌ಡ್ರೈವ್ ಕೈಗಿಟ್ಟ ಮೇಲೆ ಫೈಲು ಎಲ್ಲಿ ಹೋಗುತ್ತದೋ ದೇವರಿಗೇ ಗೊತ್ತು. ಬೀಗರ ವಾಟ್ಸಾಪ್ ಗುಂಪಿಗೆ ಹೋಗಬಹುದು, ಮೂರು ವರ್ಷದ ನಂತರ ಅಳಿಯನ ಇನ್‌ಸ್ಟಾಗ್ರಾಮಿನಲ್ಲಿ ಕಾಣಬಹುದು. ಹಾಗಾಗಿ ನನ್ನ ಅಭಿಪ್ರಾಯ ಇಷ್ಟು: ತಿಂಗಳಿಗೆ ನಾಲ್ಕೈದು ಸ್ಲೈಡ್‌ಶೋ ಮಾಡುವವರು ಚಂದಾ ಹಿಂದೆ ಬೀಳುವುದಕ್ಕಿಂತ ಬಿಡಿ ಟ್ರ್ಯಾಕ್ ಕೊಳ್ಳುವುದೇ ವಾಸಿ. ಪಾಂಡ್‌ಫೈವ್, ಪ್ರೀಮಿಯಂಬೀಟ್ ಥರದ ಅಂಗಡಿಗಳಲ್ಲಿ ಒಂದೊಂದೇ ಟ್ರ್ಯಾಕ್ ಸಿಗುತ್ತದೆ. ಬಿಡಿಯಾಗಿ ಕೊಂಡಾಗ ಅವಧಿ ಮುಗಿಯದ ಲೈಸೆನ್ಸ್ ಸಿಗುವುದು ಸಾಮಾನ್ಯ, ಆದರೂ ಆ ಸಾಲು ಇದೆಯೇ ಅಂತ ಕಣ್ಣಾರೆ ನೋಡಿಕೊಳ್ಳಿ. ಒಂದು ಲೈಸೆನ್ಸಿಗೆ ಒಂದೇ ಪ್ರಾಜೆಕ್ಟೋ, ಎಷ್ಟಾದರೂ ಸರಿಯೋ ಅನ್ನುವುದನ್ನೂ ನೋಡಿ. ಒಂದೇ ಪ್ರಾಜೆಕ್ಟ್ ಅಂತಿದ್ದರೆ ದೇಸಾಯರ ಮದುವೆಗೆ ಕೊಂಡದ್ದನ್ನು ಪಾಟೀಲರ ಮದುವೆಗೆ ಹಾಕುವ ಹಾಗಿಲ್ಲ. ಆ ಖರ್ಚನ್ನು ನಾನು ಗಿರಾಕಿಯ ಬಿಲ್ಲಿನಲ್ಲಿ ಬೇರೆ ಸಾಲಾಗಿ ಬರೆದು, ಲೈಸೆನ್ಸ್ ಪಿಡಿಎಫ್ ಅನ್ನು ಅದೇ ಪೆನ್‌ಡ್ರೈವಿನಲ್ಲಿ ಹಾಕಿ ಕೊಡುತ್ತೇನೆ.

ಚಂದಾ ಕೆಟ್ಟದ್ದು ಅಂತಲ್ಲ. ಎಪಿಡೆಮಿಕ್ ಸೌಂಡ್, ಆರ್ಟ್‌ಲಿಸ್ಟ್ ಥರದ ಕಡೆ ಸಂಗ್ರಹ ದೊಡ್ಡದು, ಹುಡುಕುವುದು ಸುಲಭ. ವಾರಕ್ಕೆ ಮೂರು ವಿಡಿಯೋ ಹಾಕುವವರಿಗೆ ಲೆಕ್ಕ ಸರಿಹೋಗುತ್ತದೆ. ನೀವೂ ಆ ದಾರಿ ಹಿಡಿದರೆ ಎರಡು ಕೆಲಸ ಮಾಡಿ. ಗಿರಾಕಿ ಕೆಲಸಕ್ಕೆ ಒಪ್ಪುವ ಪ್ಲಾನನ್ನೇ ತಗೊಳ್ಳಿ. ಗಿರಾಕಿ ಯೂಟ್ಯೂಬಿಗೆ ಹಾಕುವವರಿದ್ದರೆ ಚಂದಾ ಇರುವಾಗಲೇ ಹಾಕಿಸಿಬಿಡಿ. ಲಿಂಕ್ ಇದ್ದವರಿಗಷ್ಟೇ ಕಾಣುವ ಅನ್‌ಲಿಸ್ಟೆಡ್ ಆಗಿಯಾದರೂ ಸರಿ.

ಕ್ಲೇಮ್, ಅಂದರೆ ಈ ಸಂಗೀತ ನಮ್ಮದು ಅನ್ನುವ ನೋಟಿಸು, ಬಂದರೆ ಜನ ವಿಪರೀತ ಹೆದರುತ್ತಾರೆ. ಯೂಟ್ಯೂಬ್ 2007ರಲ್ಲಿ ಕಂಟೆಂಟ್ ಐಡಿ ಅನ್ನುವ ಯಂತ್ರ ತಂದಿತು. ಒಡೆಯರು ತಮ್ಮ ಸಂಗೀತವನ್ನು ಅದಕ್ಕೆ ಕೊಟ್ಟಿರುತ್ತಾರೆ, ಅದು ಹೊಸ ವಿಡಿಯೋಗಳ ಜೊತೆ ಹೋಲಿಸಿ ನೋಡುತ್ತದೆ. ಹೊಂದಿಕೆಯಾದರೆ ಕ್ಲೇಮ್. ನೀವು ಕೊಂಡಿದ್ದೀರೋ ಇಲ್ಲವೋ ಯಂತ್ರಕ್ಕೇನು ಗೊತ್ತು? ದುಡ್ಡು ಕೊಟ್ಟವರಿಗೂ ಕ್ಲೇಮ್ ಬರುತ್ತದೆ. ಆಗ ಲೈಸೆನ್ಸ್ ತೋರಿಸಿ ತಕರಾರು ಹಾಕಬೇಕು, ಎದುರಿನವರಿಗೆ ಉತ್ತರ ಕೊಡಲು 30 ದಿನ ಇರುತ್ತದೆ. ಕ್ಲೇಮ್ ಬೇರೆ, ಸ್ಟ್ರೈಕ್ ಬೇರೆ. ಕ್ಲೇಮ್ ಬಂದರೆ ಜಾಹೀರಾತಿನ ಹಣ ಅವರಿಗೆ ಹೋಗುತ್ತದೆ, ಕೆಲವೊಮ್ಮೆ ವಿಡಿಯೋ ಕಾಣದ ಹಾಗೆ ಆಗುತ್ತದೆ. ಸ್ಟ್ರೈಕ್, ಅಂದರೆ ಒಡೆಯರು ದೂರು ಕೊಟ್ಟು ವಿಡಿಯೋ ತೆಗೆಸಿದಾಗ ಚಾನೆಲ್ಲಿಗೆ ಬೀಳುವ ಎಚ್ಚರಿಕೆ, ದೊಡ್ಡ ಪೆಟ್ಟು. 90 ದಿನದಲ್ಲಿ ಮೂರು ಬಿದ್ದರೆ ಚಾನೆಲ್ಲೇ ಹೋಗಬಹುದು.

"ಮದುವ್ಯಾಗ ಸಿನಿಮಾ ಹಾಡು ಹಚ್ಚಿದ್ರ ನಡೀತೈತಲ್ರಿ?" ಅಂತ ವಾರಕ್ಕೊಬ್ಬರಾದರೂ ಕೇಳುತ್ತಾರೆ. ನಡೆಯುತ್ತದೆ, ಮಂಟಪದಲ್ಲಿ. 1957ರ ಕಾಪಿರೈಟ್ ಕಾಯ್ದೆಯ ಕಲಂ 52ರಲ್ಲಿ ಧಾರ್ಮಿಕ ಸಮಾರಂಭಕ್ಕೆ ವಿನಾಯಿತಿ ಇದೆ. ಮದುವೆ ಮೆರವಣಿಗೆ, ಮದುವೆಗೆ ಸೇರಿದ ಇತರ ಸಮಾರಂಭಗಳೂ ಅದರಲ್ಲೇ ಬರುತ್ತವೆ. ಕೇಂದ್ರ ಸರ್ಕಾರ 2023ರ ಜುಲೈನಲ್ಲಿ ಇದನ್ನೇ ಮತ್ತೊಮ್ಮೆ ಹೇಳಿತು. ಆದರೆ ಆ ವಿನಾಯಿತಿ ಹಾಡು ನುಡಿಸುವುದಕ್ಕೆ. ಅದೇ ಹಾಡನ್ನು ಫೋಟೋಗಳ ಹಿಂದೆ ಕೂಡಿಸಿ ಫೈಲು ಮಾಡಿ ಇಂಟರ್ನೆಟ್ಟಿಗೆ ಹಾಕುವುದಕ್ಕೆ ಅಲ್ಲ. ನಿವೃತ್ತಿಯ ಹೋಟೆಲ್ ಊಟ ಮದುವೆಯೂ ಅಲ್ಲ, ಪೂಜೆಯೂ ಅಲ್ಲ. ಮದುವೆಯವರು ಹಟ ಹಿಡಿದರೆ ನಾನು ಎರಡು ಫೈಲು ಮಾಡಿಕೊಡುತ್ತೇನೆ. ಒಂದರಲ್ಲಿ ಫೋಟೋ ಮಾತ್ರ, ಹಾಡು ಸೌಂಡ್ ಸಿಸ್ಟಮ್ಮಿನವನು ಹಚ್ಚುತ್ತಾನೆ. ಇನ್ನೊಂದು ಹಂಚಿಕೊಳ್ಳುವುದಕ್ಕೆ, ಕೊಂಡ ಸಂಗೀತದ್ದು.

ಪುಕ್ಕಟೆ ಸಂಗೀತ ಇಲ್ಲವೇ ಅಂದರೆ, ಇದೆ. ಯೂಟ್ಯೂಬಿನದೇ ಆಡಿಯೋ ಲೈಬ್ರರಿ ಇದೆ, ಯೂಟ್ಯೂಬಿಗೆ ಹೋಗುವ ವಿಡಿಯೋಗೆ ಅದು ಸಲೀಸು. ಪಿಕ್ಸಬೇ ಅನ್ನುವ ಸೈಟಿನ ಸಂಗೀತವನ್ನು ಮಾಡಿದವರ ಹೆಸರು ಹಾಕದೆಯೂ ಬಳಸಬಹುದು, ಆದರೆ ಅಲ್ಲಿನ ಕೆಲವು ಟ್ರ್ಯಾಕುಗಳು ಕಂಟೆಂಟ್ ಐಡಿಯಲ್ಲಿ ನೋಂದಣಿಯಾಗಿವೆ. ಇಳಿಸಿಕೊಂಡ ದಿನವೇ ಲೈಸೆನ್ಸಿನ ಪ್ರಮಾಣಪತ್ರವನ್ನೂ ಇಳಿಸಿಟ್ಟುಕೊಳ್ಳಿ. ಕ್ರಿಯೇಟಿವ್ ಕಾಮನ್ಸ್ ಸಂಗೀತದಲ್ಲಿ, ಅಂದರೆ ಮಾಡಿದವರೇ ಷರತ್ತು ಹಾಕಿ ಪುಕ್ಕಟೆ ಬಿಟ್ಟುಕೊಟ್ಟದ್ದರಲ್ಲಿ, ಒಂದು ಸೂಕ್ಷ್ಮ ಇದೆ, ಅದನ್ನು ನಮ್ಮ ಲೈನಿನವರು ಹೆಚ್ಚಿನವರು ಗಮನಿಸಿಲ್ಲ. ಆ ಷರತ್ತುಗಳನ್ನು ಲೈಸೆನ್ಸಿನ ಹೆಸರಿನಲ್ಲೇ ಎರಡೆರಡು ಅಕ್ಷರದಲ್ಲಿ ಬರೆದಿರುತ್ತಾರೆ. ಬಿವೈ ಅಂದರೆ ಮಾಡಿದವರ ಹೆಸರು ಹಾಕಬೇಕು, ಕೊನೆಯ ಸ್ಲೈಡಿನಲ್ಲಿ ಹಾಕಿದರಾಯಿತು. ಎನ್‌ಸಿ ಅಂದರೆ ವ್ಯಾಪಾರಕ್ಕಿಲ್ಲ, ದುಡ್ಡು ತಗೊಳ್ಳುವ ನಾವು ಅದರ ಹತ್ತಿರ ಹೋಗದಿರುವುದೇ ಒಳ್ಳೆಯದು. ಎನ್‌ಡಿ ಅಂದರೆ ಬದಲಾಯಿಸಬಾರದು. ಟ್ಯೂನನ್ನು ಇದ್ದ ಹಾಗೇ ಹಾಕಿದರೆ ಬದಲಾವಣೆ ಎಲ್ಲಿ ಬಂತು ಅನ್ನಿಸುತ್ತದೆ, ಅಲ್ವಾ? ಆದರೆ ಚಲಿಸುವ ಚಿತ್ರಕ್ಕೆ ಸಂಗೀತವನ್ನು ಸಮಯ ಹೊಂದಿಸಿ ಕೂಡಿಸಿದರೆ ಅದೇ ಬದಲಾವಣೆ ಅಂತ ಆ ಲೈಸೆನ್ಸಿನಲ್ಲೇ ಬರೆದಿದ್ದಾರೆ. ಅಂದಮೇಲೆ ಎನ್‌ಡಿ ಸಂಗೀತ ಸ್ಲೈಡ್‌ಶೋಗೆ ಬರುವುದೇ ಇಲ್ಲ.

"ನೋ ಕಾಪಿರೈಟ್ ಮ್ಯೂಸಿಕ್" ಅಂತ ಹೆಸರಿಟ್ಟುಕೊಂಡ ಚಾನೆಲ್ಲುಗಳಿಂದ ಇಳಿಸಿಕೊಳ್ಳುವವರಿಗೆ ಏನು ಹೇಳಲಿ? ಹಾಕಿದವರೇ ಒಡೆಯರು ಅನ್ನುವುದಕ್ಕೆ ಆಧಾರ ಏನು ಅಂತ ಒಮ್ಮೆ ಕೇಳಿಕೊಳ್ಳಿ, ಅಷ್ಟೇ. ಇನ್ನು ಕೊಳ್ಳುವ ಮೊದಲು ಕೇಳಿ ನೋಡಲು ಅಂಗಡಿಯವರು ಇಟ್ಟ ಮಾದರಿ ಫೈಲನ್ನೇ ಹಾಕಿಬಿಡುವವರೂ ಇದ್ದಾರೆ. ಗದಗದ ಕಡೆ ಒಂದು ಮದುವೆಯಲ್ಲಿ ಕೂತಿದ್ದೆ. ಪರದೆಯ ಮೇಲೆ ಅಜ್ಜ-ಅಜ್ಜಿಯ ಕಪ್ಪು-ಬಿಳುಪು ಫೋಟೋ, ಹಿಂದೆ ಮೆಲ್ಲಗೆ ಪಿಯಾನೋ. ನಡುನಡುವೆ ಒಬ್ಬ ಹೆಂಗಸು ಇಂಗ್ಲಿಷಿನಲ್ಲಿ ಅಂಗಡಿಯ ಹೆಸರು ಹೇಳುತ್ತಿದ್ದಾಳೆ. ನನ್ನ ಪಕ್ಕದ ಹಿರಿಯರು "ಯಾರ್ರಿ ಆಕಿ, ಏನಂತಾಳ?" ಅಂದರು. ಏನಂತ ಹೇಳಲಿ.

ಕಾಗದ ಸರಿ ಇದ್ದರೆ ಆಮೇಲೆ ಕಿವಿ. ಒಂದು ಫೋಟೋ ನಾಲ್ಕು ಸೆಕೆಂಡ್ ನಿಂತರೆ ಮೂರು ನಿಮಿಷದ ಟ್ರ್ಯಾಕಿಗೆ 45 ಫೋಟೋ. ನಿಮಿಷಕ್ಕೆ 60 ಅಥವಾ 120 ಪೆಟ್ಟಿನ ಟ್ರ್ಯಾಕ್ ಆರಿಸಿದರೆ ಫೋಟೋ ಬದಲಾಗುವುದು ತಾಳಕ್ಕೆ ಸರಿಯಾಗಿ ಬೀಳುತ್ತದೆ. 60ಕ್ಕಾದರೆ ಒಂದು ಫೋಟೋಗೆ ನಾಲ್ಕು ಪೆಟ್ಟು, 120ಕ್ಕಾದರೆ ಎಂಟು. ಹಾಡುವ ದನಿ ಬೇಡ, ಜನ ಫೋಟೋ ನೋಡಿ ಮಾತಾಡುತ್ತಾರೆ, ಮಾತು ಮಾತಿಗೆ ಅಡ್ಡ ಬರುತ್ತದೆ. ಕಲ್ಯಾಣ ಮಂಟಪದ ಸ್ಪೀಕರಿನಲ್ಲಿ ತೀರಾ ಕೆಳಗಿನ ಸ್ವರಗಳು ಗುಂಯ್ ಅನ್ನುತ್ತವೆ. ಕೊಳಲು, ಸಂತೂರ್, ಗಿಟಾರ್ ಚೆನ್ನಾಗಿ ಕೇಳುತ್ತವೆ. ವಿದೇಶಿ ಅಂಗಡಿಯಲ್ಲಿ ಇಂಡಿಯನ್ ಅಂತ ಹುಡುಕಿದರೆ ಬರುವುದು ಬಹುಪಾಲು ಢೋಲಿನ ಗದ್ದಲ. ವಾದ್ಯದ ಹೆಸರು ಹಾಕಿ ಹುಡುಕಿ.

ಇಷ್ಟೆಲ್ಲ ಮಾಡಿಯೂ ನಮ್ಮ ಗಿರಾಕಿಗೆ ಬೇಕಾದದ್ದು ಅಲ್ಲಿ ಸಿಗುವುದಿಲ್ಲ. ಅವರಿಗೆ ಬೇಕಾದದ್ದು ಶರೀಫರ ಪದ, ಬೇಂದ್ರೆಯವರ ಕವನ. ಶಿಶುನಾಳ ಶರೀಫರು ತೀರಿಕೊಂಡದ್ದು 1889ರಲ್ಲಿ, ಅವರ ಸಾಹಿತ್ಯ ಈಗ ಯಾರ ಸ್ವತ್ತೂ ಅಲ್ಲ. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ. ಬರೆದವರು ಹೋದ ಮೇಲೆ 60 ವರ್ಷ ಹಕ್ಕು ಇರುತ್ತದೆ, ಅಂದರೆ 2041ರ ಕೊನೆಯವರೆಗೆ. ಶರೀಫರದ್ದಾದರೂ ಕ್ಯಾಸೆಟ್ಟಿನಲ್ಲಿ ಕೇಳಿದ್ದನ್ನು ಹಾಕುವ ಹಾಗಿಲ್ಲ. ಹೊಸದಾಗಿ ಕಟ್ಟಿದ ಧಾಟಿಗೆ ಒಬ್ಬ ಒಡೆಯ, ರೆಕಾರ್ಡಿಗೆ ಇನ್ನೊಬ್ಬ. ರೆಕಾರ್ಡಿನ ಹಕ್ಕು ಪ್ರಕಟವಾದ ಮೇಲೆ 60 ವರ್ಷ.

ರಾಗಕ್ಕೆ ಮಾತ್ರ ಯಾರೂ ಒಡೆಯರಿಲ್ಲ. ಮನ್ಸೂರರು, ಗಂಗೂಬಾಯಿಯವರು ಬದುಕಿದ ಹುಬ್ಬಳ್ಳಿ-ಧಾರವಾಡ ಇದು. ಪಕ್ಕದ ಗದಗದಲ್ಲಿ ವೀರೇಶ್ವರ ಪುಣ್ಯಾಶ್ರಮ ಇದೆ. ಹತ್ತು ಮನೆಗೊಬ್ಬ ಹಾರ್ಮೋನಿಯಂ ನುಡಿಸುವವರು ಸಿಗುವಾಗ ಡಾಲರ್ ಕೊಟ್ಟು ಕೊಳಲು ತರುವುದೇಕೆ ಅನ್ನಿಸಿ, ಹೋದ ವರ್ಷ ಧಾರವಾಡದ ಒಬ್ಬ ಹುಡುಗನಿಂದ ಭೂಪ, ಯಮನ, ದೇಸ ರಾಗಗಳಲ್ಲಿ ಐದೈದು ನಿಮಿಷ ಕೊಳಲು ನುಡಿಸಿ ರೆಕಾರ್ಡ್ ಮಾಡಿಕೊಂಡೆ. ಮಧ್ಯಾಹ್ನ ಓಣಿಯಲ್ಲಿ ತರಕಾರಿ ಗಾಡಿಯವನು ಕೂಗುತ್ತಾನೆಂದು ರಾತ್ರಿ ಹನ್ನೊಂದಕ್ಕೆ ಕೂತೆವು.

ಕಾಗದ ಮಾಡಿಸುವಾಗ ವಕೀಲರು ಎರಡು ಮಾತು ಹೇಳಿದರು. ಹಕ್ಕು ಬರೆದುಕೊಡುವ ಪತ್ರದಲ್ಲಿ ಅವಧಿ ಬರೆಯದಿದ್ದರೆ ಕಾಯ್ದೆಯ ಕಲಂ 19ರ ಪ್ರಕಾರ ಅದು ಐದೇ ವರ್ಷ. ಯಾವ ಪ್ರದೇಶ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ. ನಮ್ಮ ಗಿರಾಕಿಗಳ ಮಕ್ಕಳು ಅಮೆರಿಕದಲ್ಲಿ ಕೂತು ಅಪ್‌ಲೋಡ್ ಮಾಡುತ್ತಾರೆ. ಹಾಗಾಗಿ ಎರಡನ್ನೂ ಬಿಡಿಸಿ ಬರೆಸಿದೆ, ಕೊಟ್ಟ ಹಣವನ್ನೂ ಬರೆಸಿದೆ.

ಹುಡುಗ ಸಹಿ ಹಾಕುವ ಮೊದಲು ಪೂರ್ತಿ ಓದಿದ. ನನ್ನ ಹಾಗೆ ಓದದೆ ಬಿಡಲಿಲ್ಲ, ಸಾಲು ಸಾಲಾಗಿ ಓದಿದ. "ಸರ, ಇದನ್ನ ನಾನೂ ನನ್ನ ಚಾನೆಲ್‌ನ್ಯಾಗ ಹಾಕಬಹುದೇನ್ರಿ?" ಅಂದ. ಹಾಕು ಅಂತ ಹೇಳುವವನಿದ್ದೆ, ಅಷ್ಟರಲ್ಲಿ ಮಾಸ್ತರರ ಮಗಳ ಫೋನ್ ನೆನಪಾಯಿತು. ಇವನು ನಾಳೆ ಯಾವುದೋ ಕಂಪನಿ ಮೂಲಕ ಬಿಡುಗಡೆ ಮಾಡಿ, ಅವರು ಕಂಟೆಂಟ್ ಐಡಿಗೆ ಕೊಟ್ಟರೆ ನನ್ನ ಗಿರಾಕಿಗಳಿಗೆಲ್ಲ ಕ್ಲೇಮ್ ಬರುತ್ತದೆ. ಕೆಳಗೆ ಪೆನ್ನಿನಲ್ಲಿ ಒಂದು ಸಾಲು ಸೇರಿಸಿದೆವು. ಹಾಕಬಹುದು, ಕಂಟೆಂಟ್ ಐಡಿಗೆ ಕೊಡಬಾರದು. ಇಬ್ಬರೂ ಅದರ ಪಕ್ಕ ಮತ್ತೊಮ್ಮೆ ಸಹಿ ಹಾಕಿದೆವು.