ಬೆಳಗಾಗುವ ತನಕ ಕಾದರೆ ಡ್ರಾಕುಲಾ ಸಾಯುತ್ತಾನಾ?

ಪ್ರಶ್ನೆ: 'ಕ್ಯಾಸಲ್‌ವೇನಿಯಾ 2: ಸೈಮನ್ಸ್ ಕ್ವೆಸ್ಟ್' ಎಂಬ ಹಳೆಯ ಟಿವಿ ಗೇಮ್ ಆಡುತ್ತಿದ್ದೇನೆ. ಅದರಲ್ಲಿ ಹಗಲು, ರಾತ್ರಿ ಎರಡೂ ಇವೆ. ರಕ್ತಪಿಶಾಚಿ ಡ್ರಾಕುಲಾ ಬಿಸಿಲಿಗೆ ಸಾಯುವವನು ಅಲ್ವಾ? ಹಗಲು ಹೊತ್ತಿನಲ್ಲೇ ಅವನ ಕೋಟೆಗೆ ಹೋದರೆ ಸುಲಭವಾಗುತ್ತದಾ?

ಉತ್ತರ: ಇಲ್ಲ. ಮಂಗಳೂರಿನಲ್ಲಿ ಹಳೆಯ ಟಿವಿ ಗೇಮ್ ಆಡುವವರು ಯಾರೇ ಸಿಕ್ಕಿದರೂ ನನ್ನನ್ನು ಇದನ್ನೇ ಕೇಳುತ್ತಾರೆ. ರಜೆಗೆ ಬಂದಿದ್ದ ಅಕ್ಕನ ಮಗನೂ ಕೇಳಿದ. ಈ ಸಲ ಪೂರ್ತಿ ಬರೆದುಬಿಡುತ್ತೇನೆ.

ಈ ಆಟ ಶುರುವಾಗುವಾಗಲೇ ಡ್ರಾಕುಲಾ ಸತ್ತಿದ್ದಾನೆ. ಅವನ ಪಕ್ಕೆಲುಬು, ಹೃದಯ, ಕಣ್ಣುಗುಡ್ಡೆ, ಉಗುರು, ಉಂಗುರ ಐದು ಬಂಗಲೆಗಳಲ್ಲಿವೆ. ನೀವು ಅವನ್ನು ಒಟ್ಟುಮಾಡಿ ಕೋಟೆಗೆ ಒಯ್ದು ಸುಟ್ಟಾಗಲೇ ಅವನು ಎದ್ದು ಬರುವುದು. ಸುಮ್ನೆ ಬೆಳಗು ಕಾಯುತ್ತಾ ಕೂತರೆ ನಷ್ಟ ನಿಮಗೇ. ಒಂದು ವಾರದೊಳಗೆ, ಎರಡು ವಾರದೊಳಗೆ, ಅದಕ್ಕಿಂತ ಜಾಸ್ತಿ ಅಂತ ಆಟದ ದಿನಗಳ ಲೆಕ್ಕದಲ್ಲಿ ಮೂರು ಬೇರೆ ಬೇರೆ ಮುಕ್ತಾಯಗಳಿವೆ. ರಾತ್ರಿ ಅಂಗಡಿ, ಇಗರ್ಜಿ ಮುಚ್ಚುತ್ತವೆ, ರಾಕ್ಷಸರಿಗೆ ಎರಡರಷ್ಟು ಏಟು ಬೇಕು. ಆದರೆ ಸಿಗುವ ಹಾರ್ಟ್ ಜಾಸ್ತಿ. ಇಲ್ಲಿ ಹಾರ್ಟೇ ದುಡ್ಡು.

ಇನ್ನು ಆ ಬಿಸಿಲಿನ ಕಥೆ. ಬ್ರಾಮ್ ಸ್ಟೋಕರ್ 1897ರಲ್ಲಿ ಬರೆದ ಕಾದಂಬರಿಯನ್ನು ಒಮ್ಮೆ ಓದಿ ನೋಡಿ, ಮಾರಾಯ್ರೇ! ಅದರಲ್ಲಿ ಡ್ರಾಕುಲಾ ಲಂಡನ್ನಿನ ಪಿಕಡಿಲಿಯಲ್ಲಿ ಹಾಡಹಗಲೇ ನಿಂತಿರುತ್ತಾನೆ. ಅದೇ ಕಾದಂಬರಿಯ ಜೊನಾಥನ್ ಹಾರ್ಕರ್ ಅವನನ್ನು ಕಂಡು ಬಿಳಿಚಿಕೊಳ್ಳುತ್ತಾನೆ. ಹಗಲಿನಲ್ಲಿ ಡ್ರಾಕುಲಾನ ಶಕ್ತಿ ಕುಗ್ಗುತ್ತದೆ, ಬೇಕೆಂದಾಗ ರೂಪ ಬದಲಿಸಲು ಆಗುವುದಿಲ್ಲ. ಅಷ್ಟೇ. ಅವನು ಸಾಯುವುದು ಸೂರ್ಯ ಮುಳುಗುವ ಹೊತ್ತಿಗೆ, ಎರಡು ಕತ್ತಿಗಳ ಏಟಿಗೆ. ಅದರಲ್ಲೊಂದು ಗೂರ್ಖಾಗಳ ಕುಕ್ರಿ.

ಬಿಸಿಲಿಗೆ ಕರಗಿಹೋಗುವ ರಕ್ತಪಿಶಾಚಿ ಬಂದದ್ದು ಸಿನಿಮಾದಿಂದ. 1922ರಲ್ಲಿ ಜರ್ಮನಿಯ ಮುರ್ನಾವ್ 'ನೊಸ್ಫೆರಾಟು' ಎಂಬ ಮೂಕಿ ಚಿತ್ರ ಮಾಡಿದರು. ಅದರಲ್ಲೇ ರಕ್ತಪಿಶಾಚಿ ಬೆಳಗಿನ ಬಿಸಿಲಿಗೆ ಮಾಯವಾಗುವುದು. ಕಥೆ ಸ್ಟೋಕರ್ ಕಾದಂಬರಿಯದೇ, ಆದರೆ ಅವರ ಕುಟುಂಬದ ಅನುಮತಿ ಇರಲಿಲ್ಲ. ಸ್ಟೋಕರ್ ಅವರ ಪತ್ನಿ ದಾವೆ ಹೂಡಿದರು, ಪ್ರತಿಗಳನ್ನೆಲ್ಲ ನಾಶಮಾಡಿ ಎಂದು ಕೋರ್ಟು ಹೇಳಿತು. ಹೇಗೋ ಕೆಲವು ಉಳಿದುಕೊಂಡವು. ಆದರೆ 1931ರ ಹಾಲಿವುಡ್ ಚಿತ್ರದಲ್ಲಿ ನಟ ಬೆಲಾ ಲುಗೋಸಿಯ ಡ್ರಾಕುಲಾ ಸಾಯುವುದು ಬಿಸಿಲಿಗಲ್ಲ, ಮರದ ಗೂಟಕ್ಕೆ. 1958ರ ಇಂಗ್ಲಿಷ್ ಚಿತ್ರದಲ್ಲಿ ಮತ್ತೆ ಬಿಸಿಲು ಬಿತ್ತು, ಅವನು ಬೂದಿಯಾದ.

ನಮ್ಮ 'ದೇವಿ ಮಹಾತ್ಮೆ' ಬಯಲಾಟ ನೆನಪಿಸಿಕೊಳ್ಳಿ. ಮಹಿಷಾಸುರ ದೊಂದಿ ಹಿಡಿದು, ರಾಳದ ಬೆಂಕಿ ಎಬ್ಬಿಸುತ್ತಾ ಜನರ ನಡುವಿನಿಂದಲೇ ನುಗ್ಗಿ ಬರುತ್ತಾನೆ. ಆ ಪ್ರವೇಶ ಪುರಾಣದ್ದಲ್ಲ, ರಂಗದ್ದು. ಹಾಗೆಂದು ಅದೇನು ಕಡಿಮೆಯದ್ದಲ್ಲ, ನಾವು ನಿದ್ದೆಗೆಟ್ಟು ಕಾಯುವುದೇ ಅದಕ್ಕೆ. ಬಿಸಿಲಿನ ಸಾವೂ ಹಾಗೆಯೇ ತೆರೆಗಾಗಿ ಹುಟ್ಟಿದ್ದು. ಚೆನ್ನಾಗಿಯೇ ಇದೆ. ಆದರೆ ಅದು ಎಲ್ಲ ಡ್ರಾಕುಲಾಗಳಿಗೂ ಅನ್ವಯಿಸುವ ನಿಯಮ ಅಲ್ಲ.

ಈ ಟಿವಿ ಗೇಮ್ ಮಾಡಿದ ಕೊನಾಮಿ ಕಂಪನಿಯವರೂ ಸಿನಿಮಾ ಪ್ರೀತಿಯವರೇ. 1986ರ ಮೊದಲ ಭಾಗದ ಶೀರ್ಷಿಕೆಯ ಅಂಚಿನಲ್ಲಿ ಫಿಲ್ಮ್ ರೀಲಿನ ತೂತುಗಳಿವೆ. ಮಮ್ಮಿ, ಫ್ರಾಂಕನ್‌ಸ್ಟೈನ್‌ನ ರಾಕ್ಷಸ ಎಲ್ಲ ಇದ್ದಾರೆ. ಕೊನೆಯಲ್ಲಿ ಹಳೆಯ ಭಯಾನಕ ಚಿತ್ರಗಳ ನಟರ ಹೆಸರನ್ನು ಸ್ವಲ್ಪ ತಿರುಚಿ ಹಾಕಿದ್ದಾರೆ. ಅದನ್ನು ನೋಡಿದಾಗಲೆಲ್ಲ ನನಗೆ ಖುಷಿಯಾಗುತ್ತದೆ.

ಯಾರೂ ಕೇಳದ ಒಂದು ವಿಷಯವನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ಆಟ ಬಿಟ್ಟುಹೋಗುವವರು ಹೆಚ್ಚಾಗಿ ಬಿಡುವುದು ಅಲ್ಲೇ. ಆಟದಲ್ಲಿ ದಾರಿ ಮುಗಿದಂತೆ ಕಾಣುವ ಡೆಬೋರಾ ಬಂಡೆ. ತಲೆಯಿಂದ ಬಂಡೆಗೆ ಗುದ್ದಿ ತೂತು ಮಾಡು ಎಂದು ಆಟದ ಊರಿನವರೊಬ್ಬರು ಹೇಳುತ್ತಾರೆ. ನಂಬಬೇಡಿ, ಅಲ್ಲಿ ಸುಳ್ಳು ಹೇಳುವವರೂ ಇದ್ದಾರೆ. ಬಿಳಿ ಹರಳು ಕೊಂಡು, ಅದನ್ನು ಕೊಟ್ಟು ನೀಲಿ, ನೀಲಿ ಕೊಟ್ಟು ಕೆಂಪು ಹರಳು ಪಡೆಯಿರಿ. ಕೆಂಪನ್ನು ಆರಿಸಿಕೊಂಡು ಬಂಡೆಯ ಬುಡದಲ್ಲಿ ಮಂಡಿಯೂರಿ. ಬಟನ್ ಬಿಡಬೇಡಿ, ಕೆಲವು ಸೆಕೆಂಡು ಹಾಗೇ ಇರಿ. ಸುಂಟರಗಾಳಿ ಬಂದು ಆಟದ ನಾಯಕ ಸೈಮನ್‌ನನ್ನು ಎತ್ತಿಕೊಂಡು ಹೋಗುತ್ತದೆ.